ಹನ್ನೊಂದು ವರ್ಷದ ಪಿಕಪ್ಪು

“ಷಡ್ಡಕರೇ, ಇದನ್ನ ಗಾಡಿ ಅಂತ ಮಾತ್ರ ತಿಳ್ಕೋಬೇಡಿ. ಗಾಡಿ ಅಂತ ತಿಳ್ಕೊಂಡ್ರೆ ಅದಕ್ಕೆ ಓಡಬೇಕು ಅನ್ನೋ ಆಸೆ ಹುಟ್ಟುತ್ತೆ, ನಿಮಗೆ ಓಡಿಸ್ಬೇಕು ಅನ್ನೋ ಅವಸರ ಹುಟ್ಟುತ್ತೆ. ಅವಸರ ಬಂತೋ, ಕೆಲಸ ಕೆಟ್ಟಿತು. ನನ್ನನ್ನೇ ನೋಡಿ, ನಲವತ್ತು ವರ್ಷ ಹೊಲಿಗೆ ಮಷಿನ್ ತುಳಿದವನು. ಕತ್ತರಿ ಹಾಕೋಕೆ ಮುಂಚೆ ಮೂರು ಸಲ ಅಳೀಬೇಕು ಅಂತ ನಮ್ಮ ಗುರುಗಳು ಹೇಳಿದ್ರು. ಬಟ್ಟೆಗೇ ಮೂರು ಸಲ ಆದ್ರೆ ಕಬ್ಬಿಣಕ್ಕೆ ಎಷ್ಟು? ಅದಕ್ಕೇ ಅಳೆದೆ, ಅಳೆದೆ, ಹನ್ನೊಂದು ವರ್ಷ ಅಳೆದೆ. ಬಿಚ್ಚಿದ್ದೆಲ್ಲ ಇಲ್ಲೇ ಇದೆ, ಒಂದು ವಾಷರ್ ಕೂಡ ಎಲ್ಲೂ ಹೋಗಿಲ್ಲ. ಇಪ್ಪತ್ತೇಳು ಬಿಸ್ಕತ್ ಡಬ್ಬಿ, ಒಂದೊಂದರ ಮೇಲೂ ಚೀಟಿ ಅಂಟಿಸಿದ್ದೀನಿ. ನನಗಿಂತ ಮುಂಚೆ ಇದು ಬೇಕರಿಯವರ ಹತ್ರ ಇತ್ತು. ಅವರು ಒಂಬತ್ತು ವರ್ಷ ಇಟ್ಕೊಂಡಿದ್ರು. ನಂಗೆ ಒಪ್ಪಿಸೋವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. ಈಗ ನನ್ನ ಕಣ್ಣು ನೋಡಿ. ಏನ್ಮಾಡೋದು, ಹೋಗ್ತಿರೋದು ಮೂರನೇ ಮಹಡಿ ಮನೆಗೆ. ಗಾಡಿಗೂ ಮೆಟ್ಟಿಲು ಹತ್ತೋಕೆ ಬರಲ್ಲ, ನನ್ನ ಮಂಡಿಗೂ ಬರಲ್ಲ. ನಿಧಾನವಾಗಿ ಮಾಡಿ. ಇವತ್ತೇ ಆಗಬೇಕು ಅಂತ ಯಾರೂ ಕಾದು ಕೂತಿಲ್ಲ. ಬನ್ನಿ ಈ ಕಡೆ, ಇನ್ನೊಂದೆರಡು ಸೂಕ್ಷ್ಮ ಇದೆ. ಅದು ಹೆಂಗಸರ ಮುಂದೆ ಹೇಳೋದಲ್ಲ.”

ಇಷ್ಟು ಹೇಳಿದವರು ನನ್ನ ಅಕ್ಕನ ಗಂಡ, ನನಗೆ ಭಾವ, ಕಸುಬಿನಲ್ಲಿ ದರ್ಜಿ. ಕೈಕಟ್ಟಿ ನಿಂತು ಕೇಳಿದವರು ನಮ್ಮ ಯಜಮಾನರು. ಇಬ್ಬರ ನಡುವೆ ಇಟ್ಟಿಗೆಗಳ ಮೇಲೆ ಕೂತಿದ್ದದ್ದು ಹಳೆಯ ಕಾಲದ ಒಂದು ಪಿಕಪ್ಪು. ಮುಂದೆ ಗಲ್ಲ ಊದಿಕೊಂಡ ಮೂತಿ, ಹಿಂದೆ ಸಾಮಾನು ತುಂಬುವ ತೊಟ್ಟಿ. ಚಕ್ರವಿಲ್ಲ, ಬಾಗಿಲಿಲ್ಲ, ದೀಪಗಳಿರಬೇಕಾದ ಜಾಗದಲ್ಲಿ ಎರಡು ತೂತು. ಹಲ್ಲುಸೆಟ್ಟು ತೆಗೆದಿಟ್ಟು ನಗುವ ಮುದುಕನ ಹಾಗಿತ್ತು. ಭಾವ ನಮ್ಮವರ ಹೆಗಲ ಮೇಲೆ ಕೈಹಾಕಿ ಶೆಡ್ಡಿನ ಮೂಲೆಗೆ ಕರೆದುಕೊಂಡು ಹೋಗಿ ಗುಸುಗುಸು ಶುರುಮಾಡಿದರು.

ನನ್ನ ಕಿವಿಯ ವಿಷಯ ಇಲ್ಲಿ ಒಂದು ಮಾತು ಹೇಳಬೇಕು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಣ್ಣಿಗೆ ಸಿಗದ ವಿದ್ಯೆಯನ್ನೆಲ್ಲ ಕಿವಿಯಿಂದ ಸಂಪಾದಿಸಿದವಳು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಅದು ಸ್ಟೀಲಿನದೋ ಹಿತ್ತಾಳೆಯದೋ ಕೂತಲ್ಲಿಂದ ಹೇಳಬಲ್ಲೆ. ಭಾವನ ಗುಸುಗುಸು ನನಗೇನೂ ದೊಡ್ಡದಾಗಿರಲಿಲ್ಲ. ಆದರೆ ಸರಿಯಾಗಿ ಅದೇ ಹೊತ್ತಿಗೆ ಅಕ್ಕ ನನ್ನ ರಟ್ಟೆ ಹಿಡಿದು ಹೊಸ ಮನೆಯ ಪರದೆಗಳ ಬಣ್ಣದ ಬಗ್ಗೆ ಗಂಟಲೆತ್ತಿ ಮಾತಾಡತೊಡಗಿದಳು. ಎಷ್ಟು ಜೋರಾಗಿ ಎಂದರೆ ಆ ಪರದೆಗಳಿಗೂ ಕೇಳಿಸಿರಬೇಕು.

ಈ ಗಾಡಿ ನಮ್ಮ ಮನೆಗೆ ಬಂದದ್ದು ನಮ್ಮವರ ಹುಚ್ಚಿನಿಂದ ಎಂದು ಬೀದಿಯವರು ತಿಳಿದಿದ್ದರು. ಅಲ್ಲ. ಅದು ನನ್ನ ಬುದ್ಧಿವಂತಿಕೆಯಿಂದ ಬಂದದ್ದು. (ಬುದ್ಧಿವಂತಿಕೆ ಎಂಬ ಮಾತು ಸದ್ಯಕ್ಕೆ ಹಾಗೇ ಇರಲಿ ಬಿಡಿ.)

ನಮ್ಮವರು ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಎತ್ತಿ ನೋಡುವುದು, ತೂಕದ ಕಲ್ಲು ಸವೆದಿದೆಯೇ ಪರೀಕ್ಷಿಸುವುದು, ಲೀಟರ್ ಪಾತ್ರೆಯ ತಳವನ್ನು ಒಳಗಿನಿಂದ ಯಾರಾದರೂ ಉಬ್ಬಿಸಿದ್ದಾರೆಯೇ ಎಂದು ತಟ್ಟಿ ನೋಡುವುದು. ಊರೆಲ್ಲ ಅವರನ್ನು ಅಳತೆರಾಯರು ಎನ್ನುತ್ತಿತ್ತು. ಮೂವತ್ತೆಂಟು ವರ್ಷ ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬಂದರು. ಆ ಹತ್ತು ಗಂಟೆಗಳ ಅಂತರವೇ ನಮ್ಮ ದಾಂಪತ್ಯದ ಅಡಿಪಾಯ ಎಂದು ಅವರು ನಿವೃತ್ತರಾಗುವ ತನಕ ನನಗೆ ಗೊತ್ತಿರಲಿಲ್ಲ.

ನಿವೃತ್ತರಾದ ಮಾರನೆಯ ದಿನವೇ ನನ್ನ ಅಡುಗೆಮನೆಗೆ ತಪಾಸಣೆ ಬಂತು.

“ಇವಳೇ, ಈ ಲೋಟ ಎಷ್ಟು ಹಿಡಿಯುತ್ತೆ?”

“ಒಂದು ಲೋಟ ಹಿಡಿಯುತ್ತೆ ರೀ.”

“ಅದು ಉತ್ತರ ಅಲ್ಲ. ಎಷ್ಟು ಮಿಲಿಲೀಟರು?”

“ನಲವತ್ತು ವರ್ಷದಿಂದ ಇದರಲ್ಲೇ ಅಕ್ಕಿ ಅಳೀತಿದ್ದೀನಿ. ಸಾಲ್ದು ಅಂತ ಯಾರೂ ಎದ್ದು ಹೋಗಿಲ್ಲ.”

“ಅದೃಷ್ಟ! ಬರೀ ಅದೃಷ್ಟ! ಅಂಚು ನೋಡು, ಒಂದು ಕಡೆ ಬಗ್ಗಿದೆ. ಅಂಗಡಿಯವನ ಹತ್ರ ಸಿಕ್ಕಿದ್ರೆ ಸೀಜ್ ಮಾಡ್ತಿದ್ದೆ.”

ನನ್ನ ಹತ್ತಿರ ಸಿಕ್ಕಿದ್ದನ್ನೂ ಸೀಜ್ ಮಾಡಿದರು. ಲೋಟ ಬೀರುವಿನೊಳಗೆ ಸೆರೆವಾಸಕ್ಕೆ ಹೋಯಿತು. ಆಮೇಲೆ ಪ್ರತಿಯೊಂದು ಡಬ್ಬಿಗೂ ಚೀಟಿ ಅಂಟಿಸಿದರು. ನನಗೆ ಅಕ್ಷರ ಓದಲು ಬರುತ್ತದೆ, ಆದರೆ ಒಂದೊಂದೇ ಅಕ್ಷರಕ್ಕೆ ಕಾಲೂರಿಕೊಂಡು ಹೋಗಬೇಕು. ‘ಮೆಣಸಿನಪುಡಿ’ಯ ‘ಪು’ವರೆಗೆ ಬರುವಷ್ಟರಲ್ಲಿ ಬಾಣಲೆಯಲ್ಲಿ ಈರುಳ್ಳಿ ಕರಿಕಾಗಿರುತ್ತಿತ್ತು. ಬೇಳೆ ಬೇಯುವಾಗ ಗಡಿಯಾರ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಊಟಕ್ಕೆ ಕೂತರೆ, “ಉಪ್ಪು ಎರಡು ಗ್ರಾಂ ಮುಂದೆ ಹೋಗಿದೆ” ಎನ್ನುತ್ತಿದ್ದರು. ಉಪ್ಪು ಮುಂದೆ ಹೋಗುವುದನ್ನು ನಾನು ಅವತ್ತೇ ಕೇಳಿದ್ದು.

ನಗಬೇಡಿ. ಅಥವಾ ನಗಿ, ಈಗ ನಗಬಹುದು. ಆಗ ನಗುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಸೌಟನ್ನು ಅವರ ಕೈಗೆ ಕೊಟ್ಟು, “ನೀವೇ ಮಾಡ್ಕೊಳ್ಳಿ” ಎಂದು ಹೊರಟುಬಿಟ್ಟೆ. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆ. ನಾಲ್ಕು ಬಸ್ಸು ಬಂದವು, ಹೋದವು. ಐದನೆಯದರಿಂದ ಕಂಡಕ್ಟರಮ್ಮ ತಲೆ ಹೊರಗೆ ಹಾಕಿದಳು.

“ಎಲ್ಲಿಗಮ್ಮ?”

“ಎಲ್ಲಿಗೂ ಇಲ್ಲ ತಾಯಿ. ಸುಮ್ನೆ ಕೂತಿದ್ದೀನಿ.”

“ಯಜಮಾನ್ರು ರಿಟೈರ್ ಆದ್ರಾ?”

“ನಿಂಗೆ ಹೇಗೆ ಗೊತ್ತು?”

“ಈ ವರ್ಷ ಈ ಬೆಂಚಲ್ಲಿ ನೀವು ಮೂರನೆಯವರು” ಎಂದು ಸೀಟಿ ಊದಿ ಹೊರಟುಹೋದಳು.

ಅವತ್ತು ಮನೆಗೆ ವಾಪಸು ಬಂದೆ ನಿಜ. ಆದರೆ ಮೂರು ದಿನ ಇಬ್ಬರೂ ಮಾತಾಡಲಿಲ್ಲ. ನಲವತ್ತು ವರ್ಷ ಒಬ್ಬರಿಗೊಬ್ಬರು ಏರುದನಿ ಮಾಡದವರು, ಉಳಿದ ನಾಲ್ಕು ದಿನವನ್ನು ಹೀಗೆ ಕಚ್ಚಾಡಿಕೊಂಡೇ ಕಳೆಯುತ್ತೇವೇನೋ ಎಂದು ಭಯ ಹುಟ್ಟಿತು. ಇಂಥ ಭಯವನ್ನು ಯಾರಿಗೆ ಹೇಳುವುದು? ಅಕ್ಕನಿಗೆ ಫೋನ್ ಮಾಡಿದೆ.

“ಅಯ್ಯೋ ಪೆದ್ದಿ” ಎಂದಳು ಅಕ್ಕ. “ಗಂಡಸಿಗೆ ರಿಟೈರ್ ಆದಮೇಲೆ ಒಂದು ಶೆಡ್ಡು ಬೇಕು ಕಣೇ. ಶೆಡ್ಡಿನಲ್ಲಿ ಒಂದು ಮುಗೀದೇ ಇರೋ ಕೆಲಸ ಬೇಕು. ನಿನ್ನ ಭಾವ ಮನೆಯೊಳಗೆ ಬರ್ತಿದ್ದಿದ್ದು ಊಟಕ್ಕೆ, ಮಲಗೋಕೆ. ಹನ್ನೊಂದು ವರ್ಷ ನಾವು ಜಗಳ ಆಡಿಲ್ಲ. ಆಡೋಣ ಅಂದ್ರೆ ಆಳು ಸಿಕ್ಕಬೇಕಲ್ಲ! ಈಗ ನಾವು ಮನೆ ಬದಲಾಯಿಸ್ತಿದ್ದೀವಿ. ಗಾಡಿ ಯಾರಿಗಾದ್ರೂ ಒಪ್ಪಿಸ್ಬೇಕು.”

ನನ್ನ ತಲೆಯಲ್ಲಿ ದೀಪ ಹತ್ತಿತು. ಭಾವನಂಥ ಕಸುಬಿನವರಿಗೇ ಹನ್ನೊಂದು ವರ್ಷದಲ್ಲಿ ಆಗಲಿಲ್ಲ. ನಮ್ಮವರಿಗೆ ಸ್ಪ್ಯಾನರಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ. ಕಡಿಮೆ ಎಂದರೆ ಹದಿನೈದು ವರ್ಷ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು; ಹಾವು ಶೆಡ್ಡಿಗೆ ಹೋಗಿ ಸುಖವಾಗಿರಲಿ.

ಆದರೆ ‘ತೊಗೊಳ್ಳಿ’ ಎಂದರೆ ನಮ್ಮವರು ತೆಗೆದುಕೊಳ್ಳುವವರಲ್ಲ. ಅದಕ್ಕೆ ಊಟಕ್ಕೆ ಬಡಿಸುತ್ತ, ಗೋಡೆಗೆ ಹೇಳುವವಳ ಹಾಗೆ ಹೇಳಿದೆ: “ಪಾಪ, ಭಾವನ ಪಿಕಪ್ಪು ಗುಜರಿಗೆ ಹೋಗುತ್ತಂತೆ. ಅವರಿಗೇ ಆಗದ್ದು ಇನ್ಯಾರಿಗೆ ಆಗುತ್ತೆ ಬಿಡಿ.”

ನಮ್ಮವರು ತುತ್ತು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖವನ್ನೇ ಒಂದು ನಿಮಿಷ ನೋಡಿದರು. “ನಂಗೆ ಆಗುತ್ತೆ” ಎಂದರು. ಕೆಲಸ ಎಷ್ಟು ಸುಲಭವಾಯಿತೆಂದು ನನಗೇ ಆಶ್ಚರ್ಯವಾಯಿತು.

ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಗಾಡಿಯ ಮೆರವಣಿಗೆ ಬಂತು. ಮುಂದೆ ಎಳೆಯುವ ಟ್ರ್ಯಾಕ್ಟರು, ಅದರ ಹಿಂದೆ ನಾಲ್ಕು ಬೇರೆ ಬೇರೆ ಗಾಡಿಗಳಿಂದ ಎರವಲು ತಂದ ಚಕ್ರಗಳ ಮೇಲೆ ಪಿಕಪ್ಪು, ತೊಟ್ಟಿಯಲ್ಲಿ ಇಪ್ಪತ್ತೇಳು ಡಬ್ಬಿ. ಎದುರಿನ ಔಷಧಿ ಅಂಗಡಿಯವರು ಹೊರಗೆ ಬಂದು ಕನ್ನಡಕ ಏರಿಸಿ ನೋಡಿ, “ಅಳತೆರಾಯರೇ, ಇದಕ್ಕೆ ನನ್ನ ಅಂಗಡೀಲಿ ಮದ್ದಿಲ್ಲ” ಎಂದರು.

ಆಹಾ, ಆಮೇಲಿನ ದಿನಗಳೇನು ಹೇಳಲಿ! ಲೋಟ ಬೀರುವಿನಿಂದ ಬಿಡುಗಡೆಯಾಯಿತು. ಚೀಟಿಗಳನ್ನು ಒಂದೊಂದಾಗಿ ನೀರು ಹಚ್ಚಿ ಕಿತ್ತೆ. ನಮ್ಮಲ್ಲಿ ಒಂದು ಒಪ್ಪಂದ ತನ್ನಷ್ಟಕ್ಕೆ ಆಯಿತು: ಅವರು ಅಡುಗೆಮನೆಯ ಹೊಸಲು ದಾಟುವುದಿಲ್ಲ, ನಾನು ಶೆಡ್ಡಿನ ಹೊಸಲು ದಾಟುವುದಿಲ್ಲ, ಟೀ ಕೊಡುವಾಗ ನಾನು ಹೊರಗೆ ನಿಂತು ಕೆಮ್ಮಬೇಕು. ಸೊಪ್ಪು ಬಿಡಿಸುತ್ತ ಕೂತಲ್ಲಿಂದಲೇ ಶೆಡ್ಡಿನ ಸಮಾಚಾರವೆಲ್ಲ ನನ್ನ ಕಿವಿಗೆ ಬರುತ್ತಿತ್ತು. ಸರ್ ಸರ್ ಎಂದರೆ ಉಪ್ಪುಕಾಗದ, ತುಕ್ಕು ತೆಗೆಯುತ್ತಿದ್ದಾರೆ. ಕಿರ್ರ್ ಎಂದರೆ ಅರ. ಟಿಕ್ ಟಿಕ್ ಎಂದರೆ ಬೋಲ್ಟು ತಿರುಗುತ್ತಿದೆ. ಟಿಕ್ ನಿಂತು ‘ಥೂ’ ಎಂದರೆ ಬೋಲ್ಟು ಗಾಡಿಯ ಕೆಳಗೆ ಉರುಳಿದೆ. “ನಮ್ಮವರು ಈಗ ಎಡಗಡೆ ಬಾಗಿಲಿಗೆ ಬಂದಿದ್ದಾರೆ” ಎಂದು ನಾನು ಔಷಧಿ ಅಂಗಡಿಯವರಿಗೆ ವರದಿ ಕೊಡುತ್ತಿದ್ದೆ. ನನ್ನ ಕಿವಿಯ ಕೀರ್ತಿ ಬೀದಿಯ ಕೊನೆಯವರೆಗೂ ಹಬ್ಬಿತ್ತು.

ಇಲ್ಲೇ ನಾನೊಂದು ತಪ್ಪು ಮಾಡಿದೆ. ಸುಮ್ಮನಿರಲಾರದೆ ನಾಲಿಗೆ ಆಡಿಸಿದೆ.

ಒಂದು ದಿನ ನಮ್ಮವರು ಡಬ್ಬಿ ಹಿಡಿದುಕೊಂಡು ಅಡುಗೆಮನೆ ಹೊಸಲ ಹೊರಗೆ ನಿಂತರು.

“ಇವಳೇ, ನಿಮ್ಮ ಭಾವನ ತಲೆ ನೆಟ್ಟಗಿತ್ತಾ? ಇದರ ಮೇಲೆ ‘ಎಡ ತೋಳು’ ಅಂತ ಬರೆದಿದೆ. ಗಾಡಿಗೆ ತೋಳು ಎಲ್ಲಿರುತ್ತೆ?”

ಭಾವನ ಅಂಗಡಿಯ ಬಟ್ಟೆಗಳಿಗೆ ಎಷ್ಟೋ ವರ್ಷ ಗುಂಡಿ, ಕಾಜಾ ಹೊಲಿದುಕೊಟ್ಟವಳು ನಾನು. ಅವರ ಭಾಷೆ ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ?

“ಚಕ್ರದ ಮೇಲೆ ಬಗ್ಗಿರುತ್ತಲ್ಲ, ಅದು ತೋಳು. ಮಡ್‌ಗಾರ್ಡಿನ ಬೋಲ್ಟು ಇರ್ಬೇಕು ನೋಡಿ.”

ಹೋಗಿ ನೋಡಿ ಓಡಿ ಬಂದರು. “ಹೌದು ಕಣೇ! ಹಾಗಾದ್ರೆ ಈ ‘ಕಾಲರ್’?”

“ಮೂತಿ ಹತ್ರ, ನೀರಿನ ಡಬ್ಬದ ಸುತ್ತ ಪಟ್ಟಿ ಏನಾದ್ರೂ ಬರುತ್ತಾ?”

“ಬರುತ್ತೆ.”

“ಅದೇ.”

“‘ಒಳಜೇಬು’?”

“ಸ್ಟೇರಿಂಗ್ ಪಕ್ಕ ಕಾಗದ ಪತ್ರ ಇಡೋ ಗೂಡು.”

“ಇದು ನೋಡು, ‘ಸೊಂಟ ಬಿಗಿ, ಗಿರಾಕಿಗೆ ಹೇಳಬೇಡ’!”

“ಎರಡು ತುಂಡು ಸೇರೋ ಜಾಗ ಸರಿಯಾಗಿ ಕೂರ್ತಿರಲಿಲ್ಲ ಅಂತ ಅರ್ಥ. ತೊಟ್ಟಿ ಗಾಡಿಗೆ ಸೇರೋ ಕಡೆ ನೋಡಿ. ಭಾವ ಎಲ್ಲೋ ಒಂದು ಬೆರಳು ಕಡಿಮೆ ಕತ್ತರಿಸಿರ್ತಾರೆ.”

ಇಪ್ಪತ್ತೇಳು ಡಬ್ಬಿಗಳ ಗುಟ್ಟೂ ಹೀಗೆ ನನ್ನ ಬಾಯಿಂದಲೇ ಹೊರಬಿತ್ತು. ಹೇಳಿದಾಗಲೆಲ್ಲ ಎದೆ ಉಬ್ಬುತ್ತಿತ್ತು. ಪಿಕಪ್ಪಿಗೆ ತೋಳು ಬಂತು, ಕಾಲರು ಬಂತು, ಬಾಗಿಲು ಬಂತು, ದೀಪ ಬಂತು, ಹಸಿರು ಬಣ್ಣವೂ ಬಂತು. ಹದಿನೈದು ವರ್ಷ ಎಂದು ನಾನು ಲೆಕ್ಕ ಹಾಕಿದ್ದ ಕೆಲಸ ಎಂಟು ತಿಂಗಳಲ್ಲಿ ದಡ ಮುಟ್ಟುತ್ತ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಆ ದೊಣ್ಣೆ ನನ್ನ ನಾಲಿಗೆ.

ಒಂದು ಗುರುವಾರ ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಘೋಷಿಸಿದರು: “ಬರೋ ಭಾನುವಾರ ಸ್ಟಾರ್ಟ್ ಮಾಡ್ತೀನಿ.”

“ಅಷ್ಟು ಬೇಗನಾ?”

“ಮೆಕ್ಯಾನಿಕ್ ಕೂಡ ನೋಡಿ ಹೇಳಿದ್ದಾನೆ. ಅಲ್ಲಿಗೆ ಗಾಡಿ ಕೆಲಸ ಮುಗೀತು. ಆಮೇಲೆ...” ಎಂದು ಅಡುಗೆಮನೆಯ ಕಡೆ ಕಣ್ಣು ಹಾಯಿಸಿದರು. “ನಿನ್ನ ಕಪಾಟುಗಳು ಒಂದು ಕ್ರಮದಲ್ಲಿಲ್ಲ. ಅದಕ್ಕೆ ಕೈ ಹಾಕೋಣ.”

ಬಡಿಸುತ್ತಿದ್ದ ಸೌಟನ್ನು ಪಾತ್ರೆಗೇ ವಾಪಸು ಹಾಕಿದೆ. ಕಣ್ಣ ಮುಂದೆ ಬಸ್ ಸ್ಟಾಪಿನ ಬೆಂಚು ಬಂತು.

ಮಾರನೆಯ ದಿನ ಮೆಕ್ಯಾನಿಕ್ ಕೊನೆಯ ಸಲ ನೋಡಲು ಬಂದ. ನಾನು ಟೀ ಹಿಡಿದು ಶೆಡ್ಡಿನ ಹೊರಗೆ ನಿಂತೆ, ಕೆಮ್ಮುವುದನ್ನು ಸ್ವಲ್ಪ ಮುಂದೂಡಿದೆ. ಒಳಗೆ ಅವನು ಹೇಳುತ್ತಿದ್ದ: “ಈ ಎರಡು ಕ್ಲಿಪ್ ತೆಗೆದ್ರೆ ಮುಚ್ಚಳ ಬರುತ್ತೆ ಅಳತೆರಾಯರೇ. ಒಳಗೆ ಈ ಕರಿ ತುಂಡು ನೋಡಿದ್ರಾ? ಹೆಬ್ಬೆರಳಷ್ಟಿದೆ. ಇದು ಸುತ್ತಿ ಸುತ್ತಿ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚುತ್ತೆ. ಇದಿಲ್ಲ ಅಂದ್ರೆ ಇಂಜಿನ್ನು ಚಿನ್ನದ್ದಾದ್ರೂ ಬರೀ ಕೆಮ್ಮುತ್ತೆ, ಎದ್ದೇಳಲ್ಲ.”

ಆಗ ನಾನು ಕೆಮ್ಮಿದೆ.

ಶನಿವಾರ ನಮ್ಮವರು ಸ್ನಾನಕ್ಕೆ ಹೋದರು. ಅವರ ಸ್ನಾನ ಹದಿನೆಂಟು ನಿಮಿಷ, ಇಲಾಖೆಯ ಮುದ್ರೆ ಬಿದ್ದ ಹದಿನೆಂಟು ನಿಮಿಷ. ಜೀವಮಾನದಲ್ಲಿ ಒಬ್ಬರ ಮರದ ಒಂದು ಹೂ ಕೀಳದವಳು ನನ್ನ ಗಂಡನ ಶೆಡ್ಡಿಗೇ ಕಳ್ಳಿಯಾಗಿ ನುಗ್ಗಿದೆ. ಬಾನೆಟ್ಟು ಎತ್ತಿದೆ. ಎರಡು ಕ್ಲಿಪ್ಪು, ಒಂದು ಮುಚ್ಚಳ. ಕರಿ ತುಂಡು ಕೈಗೆ ಬಂತು. ಅದನ್ನು ನನ್ನ ಗುಂಡಿ ಡಬ್ಬಿಯ ತಳಕ್ಕೆ ಹಾಕಿದೆ. ಅದಕ್ಕಿಂತ ಭದ್ರವಾದ ಜಾಗ ಈ ಭೂಮಿಯ ಮೇಲಿಲ್ಲ. ಅಂಗಿಯ ಗುಂಡಿ ಕಿತ್ತುಹೋದರೆ ಗಂಡಸರು ಹುಡುಕುವುದು ಗುಂಡಿಯನ್ನಲ್ಲ, ಹೆಂಡತಿಯನ್ನು.

ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೇರಿಂಗ್ ಹಿಂದೆ ಕೂತು ಕೀಲಿ ತಿರುಗಿಸಿದರು. ಕೊರ್ ಕೊರ್ ಕೊರ್. ಮತ್ತೆ ತಿರುಗಿಸಿದರು. ಕೊರ್ ಕೊರ್. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಎದೆಯೂ ಅದೇ ಸದ್ದು ಮಾಡುತ್ತಿತ್ತು. ಅವರು ಇಳಿದು ಬಾನೆಟ್ಟು ಎತ್ತಿದರು, ಮುಚ್ಚಳ ತೆಗೆದು ಒಳಗೆ ಬಗ್ಗಿ ಬಹಳ ಹೊತ್ತು ನೋಡಿದರು, ಮತ್ತೆ ಮುಚ್ಚಿದರು. ಕೈ ಒರೆಸಿಕೊಂಡು ಜನರ ಕಡೆ ತಿರುಗಿದರು.

“ಸಮಸ್ಯೆ ಆಳವಾಗಿದೆ. ಪೂರ್ತಿ ಬಿಚ್ಚಿ ನೋಡ್ಬೇಕು.”

“ಎಷ್ಟು ದಿನ ಹಿಡಿಯುತ್ತೆ?” ಎಂದರು ಔಷಧಿ ಅಂಗಡಿಯವರು.

“ಹೇಳೋಕಾಗಲ್ಲ.”

ಈ ‘ಹೇಳೋಕಾಗಲ್ಲ’ ನನ್ನ ಕಿವಿಗೆ ಅಮೃತದ ಹಾಗೆ ಬಿತ್ತು. ನಮ್ಮವರು ಬೇಸರಪಟ್ಟ ಹಾಗೂ ಕಾಣಲಿಲ್ಲ. ಎಂಥ ತಾಳ್ಮೆಯ ಮನುಷ್ಯ ಎಂದು ಅಭಿಮಾನ ಉಕ್ಕಿತು.

ಮುಂದಿನ ನಾಲ್ಕು ತಿಂಗಳು ನನ್ನ ಬಾಳಿನ ಸುವರ್ಣಯುಗ. ಅಕ್ಕನ ಮನೆಗೆ ಹೋಗುವ ಗುರುವಾರ ಬಿಟ್ಟರೆ, ದಿನಾ ಊಟವಾದ ಮೇಲೆ ಶೆಡ್ಡಿನಿಂದ ಸದ್ದು ಶುರುವಾಗುತ್ತಿತ್ತು: ಠಣ್... ಸ್ವಲ್ಪ ಬಿಡುವು... ಠಣ್. “ಈಗ ಇಂಜಿನ್ನಿನ ಹೊಟ್ಟೆಗೇ ಕೈ ಹಾಕಿದ್ದಾರೆ” ಎಂದು ನಾನು ವರದಿ ಕೊಟ್ಟೆ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಚುಚ್ಚುತ್ತಿತ್ತು. ಇಲ್ಲದ ರೋಗಕ್ಕೆ ಮನುಷ್ಯ ದಿನವಿಡೀ ಬಡಿದುಕೊಳ್ಳುತ್ತಿದ್ದಾನಲ್ಲ! ಪ್ರಾಯಶ್ಚಿತ್ತಕ್ಕೆಂದು ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ, ಊಟಕ್ಕೆ ತುಪ್ಪ ಜಾಸ್ತಿ ಮಾಡಿದೆ. ಅಷ್ಟು ದುಡಿದರೂ ಅವರ ಕೆನ್ನೆ ತುಂಬಿಕೊಳ್ಳುತ್ತಿತ್ತು. ಕೈಯಲ್ಲಿ ಗ್ರೀಸಿನ ಕಲೆಯೇ ಇರುತ್ತಿರಲಿಲ್ಲ; ಎಷ್ಟು ಚೊಕ್ಕಟದ ಕೆಲಸ ಎಂದುಕೊಂಡೆ. ಮನೆಯಲ್ಲಿ ಒಂದು ದಿಂಬು ಕಾಣೆಯಾಗಿತ್ತು. ಬಟ್ಟೆ ಒಗೆಯುವವಳ ಜೊತೆ ಆ ವಿಷಯಕ್ಕೆ ಎರಡು ವಾರ ಮಾತು ಬಿಟ್ಟೆ.

ಒಂದು ಮಧ್ಯಾಹ್ನ ತಲೆನೋವಿನ ಮಾತ್ರೆಗೆಂದು ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಇನ್ನೊಬ್ಬ ಗಿರಾಕಿಗೆ ಹೇಳುತ್ತಿದ್ದರು: “ನಮ್ಮ ಅಳತೆರಾಯರ ಗಾಡಿ ಎದ್ದೇಳೋ ಹೊತ್ತಿಗೆ ರಸ್ತೆಯೇ ಸವೆದು ಹೋಗಿರುತ್ತೆ!” ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನನ್ನನ್ನು ಕಂಡು ಇನ್ನೂ ಜೋರಾಗಿ ನಕ್ಕರು.

ನನಗೆ ಮೈ ಉರಿಯಿತು. ನನ್ನ ಗಂಡನನ್ನು ನೋಡಿ ನಗುವ ಹಕ್ಕು ನಲವತ್ತು ವರ್ಷದಿಂದ ನನ್ನೊಬ್ಬಳದು. ಅದನ್ನು ಬೀದಿಗೆ ಹಂಚಿದವಳೂ ನಾನೇ ಆದೆನಲ್ಲ! ಮಾತ್ರೆ ತೆಗೆದುಕೊಳ್ಳದೆಯೇ ವಾಪಸು ಬಂದೆ. ಅಡುಗೆಮನೆ ಹೋದರೆ ಹೋಗಲಿ, ಕಪಾಟುಗಳು ಕ್ರಮಕ್ಕೆ ಬರುವುದಾದರೆ ಬರಲಿ, ಬೆಂಚಿನ ಮೇಲೆ ಕೂರುವುದಾದರೆ ಕೂತರಾಯಿತು. ಗುಂಡಿ ಡಬ್ಬಿಯನ್ನು ಮಂಚದ ಮೇಲೆ ಸುರುವಿ ಕರಿ ತುಂಡನ್ನು ಮುಷ್ಟಿಯಲ್ಲಿ ಹಿಡಿದೆ. ಚಪ್ಪಲಿ ಕೂಡ ಹಾಕಿಕೊಳ್ಳದೆ, ಕೆಮ್ಮದೆ, ಕರೆಯದೆ, ನೇರವಾಗಿ ಶೆಡ್ಡಿನ ಬಾಗಿಲು ತಳ್ಳಿದೆ.

ಠಣ್.

ಪಿಕಪ್ಪಿನ ಸೀಟಿನ ಮೇಲೆ ನಮ್ಮವರು ಉದ್ದಕ್ಕೆ ಮಲಗಿದ್ದರು. ತಲೆಯ ಕೆಳಗೆ ಕಾಣೆಯಾದ ದಿಂಬು. ಮುಖದ ಮೇಲೆ ಅವತ್ತಿನ ಪೇಪರು, ಉಸಿರಿಗೆ ತಕ್ಕ ಹಾಗೆ ಏರಿ ಇಳಿಯುತ್ತಿತ್ತು. ಎಡಗಾಲು ಕಿಟಕಿಯಿಂದ ಹೊರಗೆ. ಅದರ ಹೆಬ್ಬೆರಳಿಗೆ ಕಟ್ಟಿದ್ದ ದರ್ಜಿಯ ಗಟ್ಟಿ ದಾರ ಮೇಲಿನ ಕೊಕ್ಕೆಯನ್ನು ಸುತ್ತಿ ಬಂದು, ಕೊನೆಯಲ್ಲಿ ಒಂದು ದೊಡ್ಡ ಸ್ಪ್ಯಾನರನ್ನು ತೂಗುಹಾಕಿತ್ತು. ಬೆರಳು ಒಮ್ಮೆ ಮಿಸುಕಿತು. ಸ್ಪ್ಯಾನರು ಹೋಗಿ ಗೋಡೆಗೆ ಒರಗಿಸಿದ್ದ ಹಳೆಯ ಮಡ್‌ಗಾರ್ಡಿಗೆ ಬಡಿಯಿತು. ಠಣ್. ಮನುಷ್ಯ ಗೊರಕೆ ಹೊಡೆಯುತ್ತಿದ್ದರು. ನಿದ್ದೆಯಲ್ಲೂ ಬೆರಳು ಡ್ಯೂಟಿ ತಪ್ಪಿಸುತ್ತಿರಲಿಲ್ಲ!

“ರೀ!”

ಪೇಪರು ಹಾರಿತು, ಕಾಲು ಎಳೆದುಕೊಂಡರು, ಸ್ಪ್ಯಾನರು ಚಾವಣಿಯ ತಗಡಿಗೆ ಹೊಡೆದು ಗುಡುಗು ಬಂದಂತಾಯಿತು.

“ನೀ... ನೀನು ಕೆಮ್ಮಲಿಲ್ಲ!” ಎಂದರು. ಮೊದಲು ಬಂದ ಮಾತು ಅದು.

“ಇಂಜಿನ್ನಿನ ಹೊಟ್ಟೆಗೆ ಕೈ ಹಾಕಿದ್ದೀರಿ ಅಂದ್ಕೊಂಡಿದ್ದೆ. ಕಾಲು ಹಾಕಿದ್ದೀರಾ?”

“ಅದು... ಮಧ್ಯೆ ಒಂದು ಸ್ವಲ್ಪ ವಿಶ್ರಾಂತಿ...”

“ನಾಲ್ಕು ತಿಂಗಳು?”

ಅವರು ಎದ್ದು ಕೂತು ಬೆರಳಿನ ದಾರ ಬಿಚ್ಚತೊಡಗಿದರು. ಆಗ ನಾನೂ ಶುದ್ಧಳಲ್ಲ ಎಂಬುದು ನೆನಪಾಯಿತು. ಮುಷ್ಟಿ ಬಿಚ್ಚಿ ಕರಿ ತುಂಡನ್ನು ಚಾಚಿದೆ. “ಇದನ್ನ ಕದ್ದಿದ್ದು ನಾನೇ ರೀ. ಗಾಡಿ ಎದ್ದೇಳದೆ ಇರ್ಲಿ ಅಂತ. ಜನ ನಿಮ್ಮನ್ನ ನೋಡಿ ನಗ್ತಿದ್ದಾರೆ, ನಂಗೆ ಸಹಿಸೋಕಾಗಲ್ಲ. ತೊಗೊಳ್ಳಿ.”

ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. ಬಾನೆಟ್ಟು ಎತ್ತಿ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಇನ್ನೊಂದು ಕರಿ ತುಂಡು, ಹೊಸದು, ಮಿರಮಿರ ಮಿಂಚುತ್ತಿತ್ತು.

“ಆ ಸೋಮವಾರವೇ ಮೆಕ್ಯಾನಿಕ್ ಹತ್ರ ಬೇರೆ ತಂದು ಹಾಕಿದೆ. ಎರಡು ಕ್ಲಿಪ್ಪಲ್ಲಿ ಒಂದನ್ನ ನೀನು ಉಲ್ಟಾ ಸಿಕ್ಕಿಸಿದ್ದೆ. ಕಪಾಟಿನ ಚಿಲಕಾನೂ ನೀನು ಹಾಗೇ ಹಾಕೋದು.”

“ಅಂದ್ರೆ ಗಾಡಿ ಓಡುತ್ತಾ?”

“ಗುರುವಾರ ಗುರುವಾರ ಓಡುತ್ತೆ. ನೀನು ನಿಮ್ಮ ಅಕ್ಕನ ಮನೆಗೆ ಹೋಗ್ತೀಯಲ್ಲ, ಆಗ ಕೆರೆ ತನಕ ಹೋಗಿ ಬರ್ತೀನಿ. ಔಷಧಿ ಅಂಗಡಿಯವರನ್ನೂ ಕೂರಿಸ್ಕೊಂಡು.”

“ಅವರು ನಿಮ್ಮನ್ನ ನೋಡಿ ನಗ್ತಿದ್ರು!”

“ನಿಂಗೆ ಕೇಳೋ ಹಾಗೆ ನಗಿ ಅಂತ ನಾನೇ ಹೇಳಿದ್ದೆ. ಇಲ್ದಿದ್ರೆ ನಿನಗೆ ಅನುಮಾನ ಬರುತ್ತಲ್ಲ.”

ಬೀದಿಗೆಲ್ಲ ಗೊತ್ತಿತ್ತು. ಇಂಜಿನ್ನಿನ ಹೊಟ್ಟೆಗೇ ಕೈ ಹಾಕಿದ್ದಾರೆ ಎಂದು ನಾನು ವರದಿ ಕೊಡುವಾಗ ಎಲ್ಲರೂ ತಲೆಯಾಡಿಸಿ ಕೇಳುತ್ತಿದ್ದದ್ದು ಇದಕ್ಕೆ! ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದ್ದರು. ನನ್ನ ಹೆಸರುವಾಸಿ ಕಿವಿಗೇ ದಾರ ಕಟ್ಟಿ ಕುಣಿಸಿದ್ದರು.

“ಯಾರು ಹೇಳಿಕೊಟ್ರು ಈ ವಿದ್ಯೆ?”

“ನಿಮ್ಮ ಭಾವ. ಗಾಡಿ ಒಪ್ಪಿಸೋವಾಗ ಮೂಲೆಗೆ ಕರ್ಕೊಂಡು ಹೋಗಿ ಇದನ್ನೂ ಒಪ್ಪಿಸಿದ್ರು. ಅವರಿಗೆ ಬೇಕರಿಯವರು ಒಪ್ಪಿಸಿದ್ರಂತೆ. ಬೇಕರಿಯವರ ಕಾಲದಲ್ಲಿ ಲಟ್ಟಣಿಗೆ ಕಟ್ತಿದ್ರಂತೆ.”

ನಗು ಉಕ್ಕಿ ಬರುತ್ತಿತ್ತು, ಆದರೆ ಬಿಟ್ಟುಕೊಡಬಾರದು ಎಂದು ಸೊಂಟದ ಮೇಲೆ ಕೈಯಿಟ್ಟೆ. “ನನ್ನಿಂದ ತಪ್ಪಿಸ್ಕೊಳ್ಳೋಕೆ ಇಷ್ಟೆಲ್ಲ ನಾಟಕ ಬೇಕಿತ್ತಾ?”

ಅವರು ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ನಿನ್ನ ಎದುರಿಗೆ ಕೂತ್ರೆ ಏನಾದ್ರೂ ಒಂದು ಕಣ್ಣಿಗೆ ಬೀಳುತ್ತೆ. ಬಿದ್ರೆ ಹೇಳ್ಬೇಕು ಅನ್ಸುತ್ತೆ. ಮೂವತ್ತೆಂಟು ವರ್ಷದ ಚಾಳಿ, ಬಾಯಿ ಕಟ್ಟೋಕಾಗಲ್ಲ. ಅವತ್ತು ನೀನು ಸೌಟು ಕೊಟ್ಟು ಹೋದೆಯಲ್ಲ, ನಾನೂ ಹಿಂದೇನೇ ಬಂದೆ. ಕಂಬದ ಮರೇಲಿ ನಿಂತಿದ್ದೆ. ಐದು ಬಸ್ಸು ಬಂತು. ಒಂದೊಂದು ಬಂದಾಗ್ಲೂ ನೀನು ಹತ್ತಿಬಿಡ್ತೀಯೇನೋ ಅಂತ...” ದಾರದ ತುದಿ ಎಳೆದರು. “ಸೌಟು ಕೈಯಲ್ಲೇ ಇತ್ತು. ಜನ ನೋಡ್ತಿದ್ರು.”

ನಾನು ಸೊಂಟದ ಮೇಲಿನ ಕೈ ಇಳಿಸಿದೆ.

“ಅದಕ್ಕೇ ನೀನು ‘ಇನ್ಯಾರಿಗೆ ಆಗುತ್ತೆ ಬಿಡಿ’ ಅಂದಾಗ, ಇದು ನಿನ್ನ ಕಿತಾಪತಿ ಅಂತ ಗೊತ್ತಿದ್ರೂ ಹೂಂ ಅಂದೆ. ಗಾಡಿ ಮುಗಿಸಿಬಿಟ್ರೆ ಮತ್ತೆ ಮನೆಯೊಳಗೆ ಬಂದು ನಿನ್ನ ತಲೆ ತಿಂತೀನಿ ಅಂತ ನಂಗೇ ಹೆದ್ರಿಕೆ ಇತ್ತು. ಭಾನುವಾರ ಸ್ಟಾರ್ಟ್ ಆಗದೇ ಇದ್ದಾಗ, ಮುಚ್ಚಳ ತೆಗೆದು ನೋಡಿದಾಗ ಏನನ್ಸಿತು ಗೊತ್ತಾ? ನನ್ನ ಹೆಂಡತಿ ಎಷ್ಟು ಜಾಣೆ ಅನ್ಸಿತು.”

ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಹೊರಟುಹೋಯಿತು. ಬೆಂಚೂ ಇಲ್ಲ, ಬಸ್ಸೂ ಇಲ್ಲ. ಈ ಮನುಷ್ಯ ಎಲ್ಲಿಗೂ ಹೋಗುವವರಲ್ಲ, ನನ್ನನ್ನೂ ಎಲ್ಲಿಗೂ ಕಳಿಸುವವರಲ್ಲ. ಜಾಣೆ ಎಂದು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಅದೂ ಕಳ್ಳತನಕ್ಕೆ.

ಆದರೂ ಈ ಅವಮಾನವನ್ನು ಯಾರಿಗಾದರೂ ಹೇಳಿಕೊಳ್ಳಬೇಕಲ್ಲ. ಒಳಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. “ಅಕ್ಕಾ, ನಿನ್ನ ಗಂಡ ಎಂಥವರು ಗೊತ್ತಾ? ಹನ್ನೊಂದು ವರ್ಷ ನಿನಗೆ...”

“ದಾರ ಸಿಕ್ತಾ?” ಎಂದಳು ಅಕ್ಕ.

“ನಿಂಗೆ ಗೊತ್ತಿತ್ತಾ?!”

“ಎರಡನೇ ವರ್ಷದಲ್ಲೇ. ದಾರ ಸವೆದಾಗಲೆಲ್ಲ ಹೊಸ ಉಂಡೆ ತಂದು ಕಣ್ಣಿಗೆ ಕಾಣೋ ಹಾಗೆ ಇಡ್ತಿದ್ದವಳು ನಾನೇ. ನಿನ್ನ ಭಾವ ನಿಮ್ಮವರಿಗೆ ಹೇಳಿಕೊಡೋವಾಗ ನಿನ್ನ ಕಿವಿಗೆ ಬೀಳಬಾರ್ದು ಅಂತ ಅವತ್ತು ಪರದೆ ಪರದೆ ಅಂತ ಕಿರುಚಿ ಕಿರುಚಿ ನನ್ನ ಗಂಟಲೇ ಹೋಯ್ತು. ನೀನ್ಯಾಕೆ ಕೆಮ್ಮದೆ ಒಳಗೆ ಹೋದೆ? ಅಷ್ಟೂ ತಿಳೀಬಾರ್ದಾ?”

ಬೈಸಿಕೊಂಡು ಫೋನ್ ಇಟ್ಟೆ.

ಹಿತ್ತಲಿನಲ್ಲಿ ದುಪ್ಪಟಿಗಳು ಒಣಗಿದ್ದವು. ಬಿಸಿಲು ಇಳಿಯುವ ಮೊದಲು ತೆಗೆಯಬೇಕಿತ್ತು. ಮೊದಲನೆಯದನ್ನು ಹಗ್ಗದಿಂದ ಎಳೆದುಕೊಂಡೆ. ದೊಡ್ಡ ದುಪ್ಪಟಿ, ಒಬ್ಬಳಿಗೆ ಮಡಿಸಲು ಬರುವುದಿಲ್ಲ. ನಮ್ಮವರು ಬಂದು ಕೇಳದೆಯೇ ಆ ಕಡೆಯ ಎರಡು ಮೂಲೆ ಹಿಡಿದುಕೊಂಡರು. ಇಬ್ಬರೂ ಎಳೆದು ಝಾಡಿಸಿದೆವು, ಮಧ್ಯಕ್ಕೆ ಮಡಿಸಿದೆವು. ಅಂಚಿಗೆ ಅಂಚು ಕೂಡಿರಲಿಲ್ಲ. ನನ್ನ ಕಡೆಯದು ನಾಲ್ಕು ಬೆರಳು ಇಳಿದಿತ್ತು. ಅವರು ಅದನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಕತ್ತಿನ ನರ ಎದ್ದು ನಿಂತಿತ್ತು, ಪಾಪ. ನಾನು ಅಂಚನ್ನು ಸರಿಮಾಡಲಿಲ್ಲ. ಹಾಗೇ ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಎರಡನೆಯದಕ್ಕೆ ಕೈಚಾಚಿದೆ. ಅವರು ಹಗ್ಗದಿಂದ ಅದರ ಕ್ಲಿಪ್ಪು ತೆಗೆದುಕೊಟ್ಟರು.